ಕಿಟಕಿಗೆ ಲಡ್ಡು, ಗೆದ್ದಲು, ಬಿರುಕು: ಯಾವ ಚೌಕಟ್ಟು ಕೀಳಬೇಕು, ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು 1989ರಲ್ಲಿ ಕಟ್ಟಿದ ಮನೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಆರ್‌ಸಿಸಿ ಮಾಳಿಗೆ. ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಏಳು ಮರದ ಕಿಟಕಿಗಳಿವೆ. ಒಂದೊಂದಕ್ಕೂ ಮೂರು ಕದ, ಕಬ್ಬಿಣದ ಸರಳು. ಪಶ್ಚಿಮದ ಎರಡು ಕಿಟಕಿಗಳ ಕೆಳಪಟ್ಟಿ ಕೊಳೆತು ಲಡ್ಡಾಗಿದೆ. ಅಡುಗೆಮನೆ ಕಿಟಕಿಗೆ ಗೆದ್ದಲು ಹತ್ತಿದೆ. ಮೂಲೆ ಕೋಣೆಯ ಕಿಟಕಿ ಮಳೆಗಾಲದಲ್ಲಿ ಮುಚ್ಚುವುದೇ ಇಲ್ಲ. ಒಬ್ಬರು ಏಳನ್ನೂ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು, ಹಳೇ ಚೌಕಟ್ಟಿನೊಳಗೇ ಹೊಸದನ್ನು ಕೂರಿಸಿ ಒಂದೇ ದಿನದಲ್ಲಿ ಮುಗಿಸಿಕೊಡ್ತೀವಿ ಅನ್ನುತ್ತಾರೆ. ಯಾವುದು ಸರಿ? ಚಿತ್ರದುರ್ಗದಲ್ಲಿ ಅಜ್ಜಿಯ ಮನೆಯೂ ಇದೆ, ಕಲ್ಲು-ಮಣ್ಣಿನ ಗೋಡೆ. ಅಲ್ಲಿಯ ಕಿಟಕಿಗಳನ್ನೂ ಹೀಗೇ ಬದಲಿಸಬಹುದೇ?

ಉತ್ತರ: ನಿಮ್ಮ ಮನೆಯಲ್ಲಿರುವುದು ಮೂರು ಬೇರೆ ಬೇರೆ ಕಾಯಿಲೆ, ಬರೆದುಕೊಟ್ಟಿರುವ ಔಷಧ ಮಾತ್ರ ಒಂದೇ. ಕೆಳಪಟ್ಟಿ ಲಡ್ಡಾಗಿದ್ದು ನೀರಿನಿಂದ. ಗೆದ್ದಲು ಬಂದದ್ದು ಗೋಡೆಯೊಳಗಿನ ದಾರಿಯಿಂದ. ಮಳೆಗಾಲದಲ್ಲಿ ಮುಚ್ಚದ ಕಿಟಕಿಗೆ ಕಾರಣ ಮರವೂ ಇರಬಹುದು, ಮನೆಯ ಕೆಳಗಿನ ಮಣ್ಣೂ ಇರಬಹುದು. ಇದನ್ನು ಬಿಡಿಸಿ ನೋಡದೆ ಏಳನ್ನೂ ಕಿತ್ತು ಹೊಸದು ಹಾಕಿದರೆ ನೀರು ಮತ್ತೆ ಅದೇ ದಾರಿಯಲ್ಲೇ ಬರುತ್ತದೆ. ಈ ಸಲ ಕೊಳೆಯಲು ಮರ ಇರುವುದಿಲ್ಲ, ಹಾಗಾಗಿ ಒಳಗಿನ ಪ್ಲಾಸ್ಟರ್ ಉಬ್ಬಿ ಉದುರುತ್ತದೆ, ಅಷ್ಟೇ ವ್ಯತ್ಯಾಸ. ಚೆನ್ನಾಗಿರುವ ಮೂರು ಕಿಟಕಿಗಳ ಬಗ್ಗೆ ನೀವು ಏನೂ ಬರೆದಿಲ್ಲ. ಅವನ್ನು ಮುಟ್ಟಬೇಡಿ ಅನ್ನುವುದೇ ನಮ್ಮ ಮೊದಲ ಸಲಹೆ. ಆ ಕಾಲದ ಚೌಕಟ್ಟಿಗೆ ಹಾಕಿದ ಮರ ಹೆಚ್ಚಾಗಿ ಚೇಗು (ಮರದ ಒಳಗಿನ ಗಟ್ಟಿ ತಿರುಳು) ಬಲಿತದ್ದು. ಇವತ್ತು ಅಂಗಡಿಯಲ್ಲಿ ಅಂಥದ್ದನ್ನು ಹುಡುಕಿ ತರುವುದು ಸುಲಭವಲ್ಲ.

ಮೊದಲು ಏಳೂ ಕಿಟಕಿಗೆ ಒಂದು ಪರೀಕ್ಷೆ ಮಾಡಿ. ಮೂತಿ ಚೂಪಾದ ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಚೌಕಟ್ಟಿನ ನಾಲ್ಕು ಮೂಲೆ, ಕೆಳಪಟ್ಟಿಯ ಮೇಲ್ಮೈ, ಹಿಂಜ್ ಕೂತಿರುವ ಜಾಗ, ಗೋಡೆಗೆ ತಾಗಿರುವ ಅಂಚು ಇಷ್ಟನ್ನು ಒತ್ತಿ ನೋಡಿ. ಗಟ್ಟಿ ಮರದಲ್ಲಿ ಮೂತಿ ಒಂದೆರಡು ಮಿ.ಮೀ ಇಳಿದು ನಿಲ್ಲುತ್ತದೆ. ಬಲ ಹಾಕದೆಯೇ 10 ಮಿ.ಮೀ ಒಳಗೆ ಹೋದರೆ ಆ ಭಾಗ ಮುಗಿದಂತೆ. ಆಮೇಲೆ ಹಿಡಿಯಿಂದ ತಟ್ಟಿ. ಗಟ್ಟಿ ಮರ ಟಣ್ ಅನ್ನುತ್ತದೆ, ಗೆದ್ದಲು ತಿಂದದ್ದು ಬೊದ್ ಅನ್ನುತ್ತದೆ. ಗೆದ್ದಲು ಪೇಂಟಿನ ಪದರವನ್ನು ಹಾಗೇ ಬಿಟ್ಟು ಒಳಗೆ ತಿನ್ನುವ ಕಾರಣ ಕಣ್ಣಿಗೆ ಕಂಡದ್ದನ್ನು ನಂಬಬೇಡಿ.

ಸರಳು ಕೆಳಪಟ್ಟಿಯೊಳಗೆ ಇಳಿಯುವ ತೂತುಗಳನ್ನು ಹತ್ತಿರದಿಂದ ನೋಡಿ. ಹಳೆ ಕಿಟಕಿ ಕೊಳೆಯಲು ಶುರುವಾಗುವುದು ಬಹುತೇಕ ಅಲ್ಲಿಂದಲೇ. ಮಳೆ ಹನಿ ಸರಳಿನ ಮೈಮೇಲೆ ಜಾರಿ ತೂತಿನ ಬಾಯಿಗೆ ಬಂದು ನಿಲ್ಲುತ್ತದೆ. ಕೆಳಗೆ ಹೋಗಲು ದಾರಿ ಇಲ್ಲ, ಆರಲು ಗಾಳಿ ಇಲ್ಲ. ಸರಳಿನ ಬುಡ ತುಕ್ಕು ಹಿಡಿದು ದಪ್ಪವಾಗುತ್ತದೆ, ಮರವನ್ನು ಒಳಗಿನಿಂದಲೇ ಸೀಳುತ್ತದೆ, ಆ ಸೀಳಿಗೆ ಇನ್ನಷ್ಟು ನೀರು. ತೂತಿನ ಸುತ್ತ ಕಂದು ಬಣ್ಣದ ಉಂಗುರದಂಥ ಕಲೆ, ಉದ್ದಕ್ಕೆ ಕೂದಲೆಳೆಯ ಸೀಳು ಕಂಡರೆ ಶುರುವಾಗಿದೆ ಎಂದರ್ಥ. ಚೆನ್ನಾಗಿರುವ ಮೂರು ಕಿಟಕಿಗಳಲ್ಲಿ ಈಗಲೇ ಆ ಬಾಯಿಗಳನ್ನು ಕೆರೆದು, ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಿ, ಸರಳಿನ ಬುಡದ ಸುತ್ತ ಪುಟ್ಟಿಯನ್ನು ಚಿಕ್ಕ ದಿಬ್ಬದಂತೆ ಬಿಡಿ. ಆಮೇಲೆ ಪ್ರೈಮರ್, ಎರಡು ಕೋಟ್ ಎನಾಮಲ್. ಖರ್ಚು ಅಲ್ಪ, ಉಳಿಯುವುದು ಒಂದು ಕಿಟಕಿ.

ಹಳೇ ಪೇಂಟ್ ಕೆರೆಯುವಾಗ ಒಂದು ಎಚ್ಚರಿಕೆ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. 1989ರ ಎನಾಮಲ್‌ನಲ್ಲಿ ಸೀಸ ಇದೆ ಎಂದೇ ಇಟ್ಟುಕೊಳ್ಳಿ. ಒಣ ಮರಳುಕಾಗದ ಬೇಡ, ನೀರು ಹಚ್ಚಿ ತಿಕ್ಕಬೇಕು. ಮುಖಕ್ಕೆ ಎನ್95 ಮಾಸ್ಕ್ ಇರಲಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಕ್ಕಳು, ಗರ್ಭಿಣಿಯರು ಆ ದಿನ ಬೇರೆ ಕಡೆ ಇದ್ದರೆ ಒಳ್ಳೆಯದು.

ಈಗ ಪಶ್ಚಿಮದ ಕಿಟಕಿಗಳು. ನಮ್ಮ ಕಡೆ ಮುಂಗಾರು ಮಳೆ ಪಶ್ಚಿಮ, ನೈಋತ್ಯದಿಂದ ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ. ಮೇಲಿನ ಸಜ್ಜಾ ಒಂದೂವರೆ ಅಡಿ ಇದ್ದರೂ ನಾಲ್ಕೂವರೆ ಅಡಿ ಎತ್ತರದ ಕಿಟಕಿಯ ಕೆಳಭಾಗ ನೆನೆಯುತ್ತದೆ. ನೆನೆಯುವುದು ತಪ್ಪಲ್ಲ, ನೀರು ನಿಲ್ಲುವುದು ತಪ್ಪು. ಹೊರಗಿನಿಂದ ಕಿಟಕಿ ಕಟ್ಟೆಯ ಮೇಲೆ ಒಂದು ಗೋಲಿ ಇಟ್ಟು ನೋಡಿ. ಹೊರಕ್ಕೆ ಉರುಳಿದರೆ ಇಳಿಜಾರು ಸರಿ ಇದೆ. ನಿಂತಲ್ಲೇ ನಿಂತರೆ ಅಥವಾ ಚೌಕಟ್ಟಿನ ಕಡೆಗೆ ಬಂದರೆ ನಿಮ್ಮ ಕಾಯಿಲೆ ಸಿಕ್ಕಿತು. ಎಷ್ಟೋ ಮನೆಗಳಲ್ಲಿ ಪ್ರತಿ ಸಲ ಬಣ್ಣ, ಪುಟ್ಟಿ, ತೇಪೆ ಪ್ಲಾಸ್ಟರ್ ಎಂದು ಪದರ ಸೇರಿ ಕಟ್ಟೆಯ ಮಟ್ಟ ಚೌಕಟ್ಟಿನ ಕೆಳಪಟ್ಟಿಗಿಂತ ಮೇಲೆ ಬಂದಿರುತ್ತದೆ. ಸಜ್ಜಾದ ತಳವನ್ನೂ ನೋಡಿ. ಅಂಚಿನಿಂದ ಒಂದಿಂಚು ಒಳಗೆ ನೀರು ತಡೆಯುವ ಗೀರು ಇರಬೇಕು. ಇಲ್ಲದಿದ್ದರೆ ನೀರು ತಳವನ್ನು ಅಂಟಿಕೊಂಡು ಹಿಂದಕ್ಕೆ ಬಂದು ಚೌಕಟ್ಟಿನ ಮೇಲ್ಪಟ್ಟಿಗೆ ಇಳಿಯುತ್ತದೆ.

ಲಡ್ಡು ಒಂದು ಮೂಲೆಗೆ, ನಿಲುವುಪಟ್ಟಿಯ ಬುಡದ ಅರ್ಧ ಅಡಿಗೆ ಮಾತ್ರ ಸೀಮಿತವಾಗಿದ್ದರೆ ಕಸಿ ಹಾಕಬಹುದು, ಅಂದರೆ ಕೊಳೆತದ್ದನ್ನು ಕತ್ತರಿಸಿ ಬೇರೆ ಮರದ ತುಂಡು ಜೋಡಿಸಬಹುದು. ಕೊಳೆತ ಭಾಗದಿಂದ ಇನ್ನೂ ಮೂರಿಂಚು ಗಟ್ಟಿ ಮರದೊಳಗೆ ಹೋಗಿ ಓರೆಯಾಗಿ ಕತ್ತರಿಸಬೇಕು. ಎರಡೂವರೆ ಇಂಚು ದಪ್ಪದ ಪಟ್ಟಿಗೆ ಓರೆ ಜೋಡಣೆ ಏಳೆಂಟು ಇಂಚು ಉದ್ದ ಬರಲಿ. ಅದೇ ಜಾತಿಯ ಮರ, ಎಪಾಕ್ಸಿ ಅಂಟು, ಎರಡು ಸ್ಟೇನ್‌ಲೆಸ್ ಸ್ಕ್ರೂ. ಜೋಡಣೆಯ ಇಳಿಜಾರು ಹೊರಮುಖವಾಗಿರಬೇಕು. ಉಲ್ಟಾ ಆದರೆ ಸಂದಿಯೇ ನೀರಿನ ಕಾಲುವೆಯಾಗುತ್ತದೆ. ಕೆಳಪಟ್ಟಿ ಉದ್ದಕ್ಕೂ ಹೋಗಿದ್ದರೆ ಮಾತ್ರ ಕಸಿಯ ಆಸೆ ಬಿಡಿ. ನಾಲ್ಕೂ ನಿಲುವುಪಟ್ಟಿಗಳ ತುದಿ ಅದರ ತೂತಿನೊಳಗೆ ಕೂತಿರುತ್ತದೆ, ಎಲ್ಲ ಸರಳುಗಳ ಬುಡವೂ ಅಲ್ಲೇ. ಅಂಥದ್ದನ್ನು ಪೂರ್ತಿ ಕೀಳುವುದೇ ಲೇಸು.

ಮೂಲೆ ಕೋಣೆಯ ಕಿಟಕಿಯ ವಿಷಯದಲ್ಲಿ ಅವಸರ ಬೇಡ. ಮೊದಲು ಟೇಪ್ ಹಿಡಿದು ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಿರಿ, ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ, ಆಮೇಲೆ ಇನ್ನೊಂದು. ಎರಡೂ ಸಮ ಇದ್ದು ಕದದ ಅಂಚು ಮಾತ್ರ ಉಜ್ಜುತ್ತಿದ್ದರೆ ಅದು ಮರ ತೇವ ಹೀರಿ ಉಬ್ಬಿದ್ದು. ಕದದ ಅಂಚನ್ನು ಒಂದೆರಡು ಮಿ.ಮೀ ಉಜ್ಜುಗೊರಡು ಹಾಕಿ, ಉಜ್ಜಿದ ಬೋಳು ಅಂಚಿಗೆ ಅವತ್ತೇ ಪ್ರೈಮರ್ ಹಚ್ಚಿದರೆ ಮುಗಿಯಿತು. ಆ ಅಂಚಿಗೆ ಬಣ್ಣ ಹಚ್ಚದೆ ಬಿಡುವುದರಿಂದಲೇ ಮುಂದಿನ ವರ್ಷ ಮತ್ತೆ ಉಬ್ಬುವುದು.

ಕರ್ಣಗಳಲ್ಲಿ 8-10 ಮಿ.ಮೀ ವ್ಯತ್ಯಾಸ ಇದ್ದು, ಕಿಟಕಿಯ ಮೂಲೆಯಿಂದ ಗೋಡೆಯ ಮೇಲೆ ಓರೆ ಬಿರುಕು ಹೊರಟಿದ್ದರೆ ಕಥೆ ಬೇರೆ. ದಾವಣಗೆರೆ ಸುತ್ತ ಎರೆಮಣ್ಣಿನ ನೆಲ ಬೇಕಾದಷ್ಟಿದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆಳವಿಲ್ಲದ ಮನೆಯಲ್ಲಿ ಮೂಲೆಯ ಕೋಣೆ ವರ್ಷಕ್ಕೊಮ್ಮೆ ಅಷ್ಟಿಷ್ಟು ಏರಿಳಿಯುತ್ತದೆ. ಗೋಡೆಯಲ್ಲಿ ಬಲ ಕಡಿಮೆ ಇರುವ ಜಾಗ ಕಿಟಕಿಯ ಮೂಲೆ, ಹಾಗಾಗಿ ಬಿರುಕು ಅಲ್ಲಿಂದಲೇ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್‌ನಲ್ಲಿ ಒಂದೊಂದು ಚುಕ್ಕೆ ಇಟ್ಟು, ನಡುವಿನ ಅಳತೆಯನ್ನು ತಾರೀಕಿನ ಸಮೇತ ಗೋಡೆಯ ಮೇಲೇ ಬರೆದಿಡಿ. ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಅಳೆಯಿರಿ. ಅಂಕಿ ಹಿಂದೆ ಮುಂದೆ ಆಡುತ್ತಿದ್ದರೆ ಹೊಸ ಕಿಟಕಿ ಹಾಕಿದರೂ ಸಿಕ್ಕಿಕೊಳ್ಳುತ್ತದೆ. ಅದರಲ್ಲೂ ಜಾರುವ ಕಿಟಕಿ ಬೇಗ ಸಿಕ್ಕಿಕೊಳ್ಳುತ್ತದೆ, ಯಾಕೆಂದರೆ ಅದರ ಹಳಿ ನೇರವಾಗಿದ್ದರೆ ಮಾತ್ರ ಗಾಲಿ ಓಡುತ್ತದೆ. ಅಲ್ಲಿ ಮೊದಲು ಮಾಡಬೇಕಾದ ಕೆಲಸ ಗೋಡೆಯ ಹೊರಗಿನದು: ಪಾಯದ ಪಕ್ಕ ನೀರು ನಿಲ್ಲದಂತೆ ಎರಡೂವರೆ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ, ಹೊರಕ್ಕೆ ಇಳಿಜಾರು, ಸೋರುವ ಪೈಪು ಇದ್ದರೆ ದುರಸ್ತಿ, ಗೋಡೆಗೆ ಅಂಟಿಕೊಂಡ ಗಿಡ ಇದ್ದರೆ ಅದಕ್ಕೆ ನೀರು ಬಿಡುವುದನ್ನು ನಿಲ್ಲಿಸುವುದು. ಬಿರುಕು ಮೂರು ಮಿ.ಮೀ ಮೀರಿ ಬೆಳೆಯುತ್ತಿದ್ದರೆ ಕಿಟಕಿಯವರನ್ನು ಬಿಟ್ಟು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ.

ಅಡುಗೆಮನೆಯ ಗೆದ್ದಲು. ಚೌಕಟ್ಟನ್ನು ಕಿತ್ತು ಸುಟ್ಟರೂ ಗೆದ್ದಲು ಹೋಗುವುದಿಲ್ಲ. ಹುತ್ತ ಇರುವುದು ನೆಲದಲ್ಲಿ, ಕಿಟಕಿ ಅದಕ್ಕೆ ಊಟದ ಮನೆ ಮಾತ್ರ. ಗೋಡೆಯ ಬುಡದಿಂದ ಕಿಟಕಿಯವರೆಗೆ ಮಣ್ಣಿನ ಸಣ್ಣ ಕೊಳವೆ ಎಲ್ಲಾದರೂ ಏರಿದೆಯೇ ನೋಡಿ. ಪೈಪು ಹೊರಬರುವ ತೂತು, ಸ್ಕರ್ಟಿಂಗ್ ಸಂದಿ, ಸಿಂಕ್ ಕೆಳಗಿನ ತೇವದ ಮೂಲೆ, ಇವು ಅದರ ಮಾಮೂಲಿ ದಾರಿ. ಕಟ್ಟಿದ ಮನೆಗೆ ಗೆದ್ದಲು ಮದ್ದು ಹಾಕುವ ಕ್ರಮ ಐಎಸ್ 6313 ಮಾನದಂಡದ ಮೂರನೇ ಭಾಗದಲ್ಲಿದೆ. ಅದರ ತಿರುಳು ಇಷ್ಟು: ಗೋಡೆ-ನೆಲ ಸೇರುವಲ್ಲಿ 12 ಮಿ.ಮೀ ತೂತು, 300 ಮಿ.ಮೀ ಅಂತರ, ತೂತೊಂದಕ್ಕೆ ಒಂದು ಲೀಟರ್ ದ್ರಾವಣ. ಮರ ಗೋಡೆಗೆ ತಾಗುವಲ್ಲಿ 6 ಮಿ.ಮೀ ತೂತು, 150 ಮಿ.ಮೀ ಅಂತರ, ಕೆಳಮುಖವಾಗಿ ಓರೆ, ತೂತೊಂದಕ್ಕೆ ಅರ್ಧ ಲೀಟರ್. ಮದ್ದು ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿ.ಲೀ. ಕೆಲಸದವರು ಡಬ್ಬಿಯ ಸೀಲನ್ನು ನಿಮ್ಮೆದುರೇ ಒಡೆಯಲಿ. ಅಡುಗೆಮನೆ ಆದ್ದರಿಂದ ಪಾತ್ರೆ, ದವಸ ಎಲ್ಲ ಹೊರಗಿರಬೇಕು. ಈ ಮದ್ದು ಬೀಳಬೇಕಾದದ್ದು ಹಳೇ ಚೌಕಟ್ಟು ಕಿತ್ತ ಮೇಲೆ, ಹೊಸದು ಕೂರುವ ಮುಂಚೆ. ಆಗ ಗೋಡೆಯ ಬಾಯಿ ತೆರೆದಿರುತ್ತದೆ, ಇಟ್ಟಿಗೆ ಸಂದಿಗೆ ನೇರವಾಗಿ ಹಾಕಬಹುದು.

ಇಷ್ಟಾದ ಮೇಲೆ ಲೆಕ್ಕ: ಖಂಡಿತ ಕೀಳಬೇಕಾದದ್ದು ಎರಡರಿಂದ ಮೂರು ಕಿಟಕಿ. ಏಳಲ್ಲ.

ಹಳೇ ಚೌಕಟ್ಟಿನೊಳಗೇ ಹೊಸದನ್ನು ಕೂರಿಸುವ ಒಂದು ದಿನದ ಕೆಲಸವನ್ನು ನಾವು ಇಲ್ಲಿ ಒಪ್ಪುವುದಿಲ್ಲ. ಲಡ್ಡು, ಗೆದ್ದಲು ಎರಡೂ ಹಿಂದೆ ಹಾಗೇ ಉಳಿಯುತ್ತವೆ, ಹೊಸ ಸ್ಕ್ರೂ ಹಿಡಿಯುವುದು ಅದೇ ಕೊಳೆತ ಮರವನ್ನು. ಗಾಳಿ ಬೆಳಕಿನ ಲೆಕ್ಕವನ್ನೂ ಹಾಕಿ. ನಿಮ್ಮ ಕಿಟಕಿಯ ಗೋಡೆಬಾಯಿ ಸುಮಾರು 1220 ಮಿ.ಮೀ ಅಗಲ, 1370 ಮಿ.ಮೀ ಎತ್ತರ. ಹಳೇ ಚೌಕಟ್ಟು ಸುತ್ತಲೂ ಎರಡೂವರೆ ಇಂಚು ತಿಂದಿದೆ. ಅದರೊಳಗೆ ಯುಪಿವಿಸಿ ಚೌಕಟ್ಟು ಮತ್ತು ಕದದ ಪಟ್ಟಿ ಸೇರಿ ಇನ್ನೊಂದು ನಾಲ್ಕಿಂಚು ಪ್ರತಿ ಬದಿಗೂ. ಗೋಡೆಬಾಯಿಗೆ ನೇರವಾಗಿ ಕೂರಿಸಿದ್ದಕ್ಕೆ ಹೋಲಿಸಿದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಗಾಜು ಕಡಿಮೆಯಾಗುತ್ತದೆ. ಏಪ್ರಿಲ್ ರಾತ್ರಿ ಕಿಟಕಿ ತೆರೆದು ಮಲಗುವ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ.

ಹಾಗಾದರೆ ಯಾವುದು ಹಾಕಬೇಕು? ಯುಪಿವಿಸಿ ಮಾರುವವರು ಹೇಳದ ಒಂದು ಮಾತಿದೆ. ನಿಮ್ಮ ಹಳೇ ಚೌಕಟ್ಟಿನ ಜೊತೆ ಸರಳೂ ಹೋಗುತ್ತದೆ, ಯುಪಿವಿಸಿಯಲ್ಲಿ ಸರಳು ಇರುವುದಿಲ್ಲ. ಗ್ರಿಲ್ ಬೇರೆ ಮಾಡಿಸಬೇಕು, ಅದನ್ನು ಗೋಡೆಗೇ ಹಿಡಿಸಬೇಕು. 12 ಮಿ.ಮೀ ಚೌಕ ಸರಳು, ನಡುವೆ 100 ಮಿ.ಮೀ ಮೀರದ ಅಂತರ. ಹೊರಕ್ಕೆ ತೆರೆಯುವ ಕದ ಆದರೆ ಗ್ರಿಲ್ ಒಳಗಡೆ ಬರುತ್ತದೆ, ಕದದ ಹಿಡಿಕೆ ಒಳಕ್ಕೆ ಎರಡಿಂಚು ಚಾಚಿರುತ್ತದೆ. ಚೌಕಟ್ಟಿಗೂ ಗ್ರಿಲ್‌ಗೂ ನಡುವೆ ಕನಿಷ್ಠ ಮೂರಿಂಚು ಬಿಡದಿದ್ದರೆ ಹಿಡಿಕೆ ತಿರುಗುವುದಿಲ್ಲ, ಕೈಯೂ ತೂರುವುದಿಲ್ಲ. ಕಿಟಕಿಯವರು ಒಂದು ದಿನ, ಗ್ರಿಲ್‌ನವರು ಇನ್ನೊಂದು ದಿನ ಬಂದು ತಂತಮ್ಮ ಅಳತೆ ತಗೊಂಡು ಹೋದಾಗ ಆಗುವ ಎಡವಟ್ಟು ಇದೇ. ಒಂಬತ್ತು ಇಂಚಿನ ಗೋಡೆಯಲ್ಲಿ ಹೊರಗಿನಿಂದ ಒಂದಿಂಚು ಒಳಗೆ ಚೌಕಟ್ಟು, ಆಮೇಲೆ ಮೂರಿಂಚು ಬಿಟ್ಟು ಗ್ರಿಲ್, ಒಳ ಅಂಚಿಗೆ ಸೊಳ್ಳೆಜಾಲರಿಯ ಚೌಕಟ್ಟು. ಈ ಅಡ್ಡನೋಟವನ್ನು ಕಾಗದದ ಮೇಲೆ ಬರೆದು ಇಬ್ಬರಿಗೂ ಕೊಡಿ.

ಜಾರುವ ಕಿಟಕಿ ನೋಡಲು ಚೆಂದ, ಜಾಗ ತಿನ್ನುವುದಿಲ್ಲ, ಆದರೆ ಎಷ್ಟೇ ತೆರೆದರೂ ಅರ್ಧ ಬಾಯಿ ಮುಚ್ಚಿಯೇ ಇರುತ್ತದೆ. ಅಲ್ಲದೆ ಅದರ ಅಂಚಿಗಿರುವುದು ಕೂದಲಿನ ಬ್ರಷ್ ಪಟ್ಟಿ, ನುಣುಪು ದೂಳನ್ನು ತಡೆಯುವುದು ಅಷ್ಟಕ್ಕಷ್ಟೇ. ಹಿಂಜ್ ಮೇಲೆ ತೆರೆಯುವ ಕದ ರಬ್ಬರ್ ಪಟ್ಟಿಯ ಮೇಲೆ ಒತ್ತಿ ಕೂರುವುದರಿಂದ ದೂಳು, ಮಂಡಕ್ಕಿ ಭಟ್ಟಿಯ ಕಡೆಯ ಮಸಿ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಮಲಗುವ ಕೋಣೆಗೆ ತೆರೆಯುವ ಕದವೇ ಇರಲಿ. ಇನ್ನು ಎರಡು ಪದರದ ಗಾಜು ಹಾಕಿದರೆ ಮನೆ ತಂಪಾಗುತ್ತದೆ ಅನ್ನುವ ಮಾತು. ಪಶ್ಚಿಮದ ಬಿಸಿಲು ನೇರವಾಗಿ ಗಾಜಿನ ಮೇಲೆ ಬಿದ್ದಾಗ ಸಾದಾ ಗಾಜು ಎರಡು ಪದರವಾದರೂ ಬಿಸಿಲಿನ ಬಹುಪಾಲನ್ನು ಒಳಗೆ ಬಿಡುತ್ತದೆ. ಎಸಿ ಇಲ್ಲದ ಕೋಣೆಗೆ ಆ ದುಡ್ಡು ದಂಡ. ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಇಳಿಬಿಡಿ, ಬಿಸಿಲು ಗಾಜು ಮುಟ್ಟುವ ಮುಂಚೆಯೇ ನಿಲ್ಲುತ್ತದೆ. 5 ಮಿ.ಮೀ ಟಫನ್ಡ್ ಗಾಜು ಒಂದೇ ಪದರ ಸಾಕು.

ಯುಪಿವಿಸಿ ತಗೊಳ್ಳುವುದಾದರೆ ಒಳಗಿನ ಕಬ್ಬಿಣವನ್ನು ಕೇಳಿ. ಪ್ರೊಫೈಲ್‌ನ ಟೊಳ್ಳಿನೊಳಗೆ 1.2 ರಿಂದ 1.5 ಮಿ.ಮೀ ದಪ್ಪದ ಗ್ಯಾಲ್ವನೈಸ್ಡ್ ಪಟ್ಟಿ ಚೌಕಟ್ಟಿಗೂ ಕದಕ್ಕೂ ಇರಬೇಕು. ಆಯಸ್ಕಾಂತ ಹಿಡಿದು ಉದ್ದಕ್ಕೆ ಎಳೆದುಕೊಂಡು ಹೋದರೆ ಎಲ್ಲಿದೆ, ಎಲ್ಲಿಲ್ಲ ಗೊತ್ತಾಗುತ್ತದೆ.

ನಮ್ಮನ್ನು ಕೇಳಿದರೆ ನಿಮ್ಮಂಥ ಮನೆಗೆ ಗ್ಯಾಲ್ವನೈಸ್ಡ್ ತಗಡು ಮಡಚಿ, ಪೌಡರ್ ಕೋಟಿಂಗ್ ಮಾಡಿದ ಉಕ್ಕಿನ ಕಿಟಕಿಯೇ ಹೊಂದುತ್ತದೆ. ಚೌಕಟ್ಟು, ಸರಳು, ಜಾಲರಿ, ಗಾಜಿನ ಕದ ಎಲ್ಲ ಒಂದೇ ತುಂಡಾಗಿ ಬರುತ್ತದೆ, ಗೆದ್ದಲಿನ ಚಿಂತೆ ಇಲ್ಲ, ಹಳೇ ಮೂರು ಕದದ ಕಿಟಕಿಗಳ ಪಕ್ಕ ಬೇರೆಯಾಗಿಯೂ ಕಾಣುವುದಿಲ್ಲ. ಚೌಕಟ್ಟಿಗೆ 16 ಗೇಜ್ ಕೇಳಿ, ಅಂದರೆ 1.6 ಮಿ.ಮೀ. ಗೇಜ್ ಅಂಕಿ ದೊಡ್ಡದಾದಷ್ಟು ತಗಡು ತೆಳು ಅನ್ನುವುದು ನೆನಪಿರಲಿ, 20 ಗೇಜ್ ಒಳ್ಳೇದು ಸರ್ ಎಂದರೆ ತಲೆಯಾಡಿಸಬೇಡಿ. ಅಲ್ಯೂಮಿನಿಯಂ ಕೆಟ್ಟದ್ದೇನಲ್ಲ, ಆದರೆ ಅದಕ್ಕೂ ಗ್ರಿಲ್ ಬೇರೆಯೇ.

ಮರವೇ ಬೇಕು ಎಂದರೆ ಮರದ ಲೆಕ್ಕ ಹೀಗೆ: ನಾಲ್ಕಿಂಚು, ಎರಡೂವರೆ ಇಂಚಿನ ಪಟ್ಟಿ, ನಾಲ್ಕು ನಿಲುವು, ಮೇಲೆ ಕೆಳಗೆ ಒಂದೊಂದು ಸೇರಿ 26 ಅಡಿ ಉದ್ದ. ಅಂದರೆ ಹೆಚ್ಚುಕಡಿಮೆ 1.8 ಘನ ಅಡಿ, ಕತ್ತರಿಕೆಯ ನಷ್ಟ ಸೇರಿ ಎರಡು. ಮೂರು ಕದಕ್ಕೆ ಇನ್ನೊಂದು ಘನ ಅಡಿ. ಕಿಟಕಿಗೆ ಒಟ್ಟು ಮೂರು. ಸಾಮಿಲ್‌ನವರು ಐದು ಹೇಳಿದರೆ ಈ ಲೆಕ್ಕ ಮುಂದಿಡಿ. ತೇಗ, ಹೊನ್ನೆ, ಮತ್ತಿ ಯಾವುದಾದರೂ ಸರಿ, ಚೇಗು ಮಾತ್ರ ಬೇಕು. ತೇಗವೆಂದು ಬಿಳಿಯ ಭಾಗ ಕೊಟ್ಟರೆ ಗೆದ್ದಲು ಅದನ್ನೂ ಬಿಡುವುದಿಲ್ಲ. ತೇವ ಶೇ. 12ರ ಆಸುಪಾಸು ಇರಬೇಕು. ತೇವ ಅಳೆಯುವ ಮೀಟರ್ ಕೆಲವು ಬಡಗಿಗಳ ಹತ್ತಿರ ಇರುತ್ತದೆ. ಗೋಡೆಗೆ ತಾಗುವ ಮೈಗೆ ಕೂರಿಸುವ ಮುಂಚೆಯೇ ಬಿಟುಮೆನ್ ಎರಡು ಕೋಟ್. ಫೆಬ್ರುವರಿಯಲ್ಲಿ ಕೂರಿಸುವ ಮರದ ಕದಕ್ಕೆ ಸುತ್ತ 3 ಮಿ.ಮೀ ಸಂದಿ ಬಿಡಿ. ಆಗ ಸಡಿಲ ಅನಿಸುತ್ತದೆ, ಆಗಸ್ಟ್‌ನಲ್ಲಿ ಸರಿಯಾಗುತ್ತದೆ.

ಅಳತೆ. ಪ್ಲಾಸ್ಟರ್‌ನಿಂದ ಪ್ಲಾಸ್ಟರ್‌ಗೆ ಅಳೆದು ಆರ್ಡರ್ ಕೊಟ್ಟರೆ ಹೊಸದು ಚಿಕ್ಕದಾಗುತ್ತದೆ, ಯಾಕೆಂದರೆ ಹಳೇ ಚೌಕಟ್ಟು ಪ್ಲಾಸ್ಟರ್‌ನ ಹಿಂದಕ್ಕೂ ಹೋಗಿರುತ್ತದೆ. ಒಳಗಡೆ ಎರಡು ಬದಿಗೂ ಅಂಗೈ ಅಗಲ ಪ್ಲಾಸ್ಟರ್ ಒಡೆದು ಇಟ್ಟಿಗೆಯಿಂದ ಇಟ್ಟಿಗೆಗೆ ಅಳೆಯಿರಿ. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಅದರಲ್ಲಿ ಕಡಿಮೆಯದು ಲೆಕ್ಕಕ್ಕೆ. ಅದರಲ್ಲಿ ಯುಪಿವಿಸಿಗೆ ಪ್ರತಿ ಬದಿಗೆ 5 ಮಿ.ಮೀನಂತೆ ಒಟ್ಟು 10 ಕಳೆಯಿರಿ. ಯುಪಿವಿಸಿ ಪ್ರತಿ ಮೀಟರ್‌ಗೆ ಪ್ರತಿ ಡಿಗ್ರಿಗೆ ಸುಮಾರು 0.07 ಮಿ.ಮೀ ಹಿಗ್ಗುತ್ತದೆ. ಚಳಿಗಾಲದ ಬೆಳಗಿಗೂ ಬೇಸಿಗೆಯ ಪಶ್ಚಿಮ ಬಿಸಿಲಿಗೂ ಅದರ ಮೈಯಲ್ಲಿ 40 ಡಿಗ್ರಿ ವ್ಯತ್ಯಾಸ ಇರುತ್ತದೆ, ನಿಮ್ಮ ಎತ್ತರಕ್ಕೆ ಅದು 4 ಮಿ.ಮೀ ಹತ್ತಿರ. ಬಿಗಿಯಾಗಿ ಸಿಮೆಂಟ್ ತುಂಬಿ ಕೂರಿಸಿದ ಚೌಕಟ್ಟು ಬಾಗುವುದು, ಚಿಲಕ ಕೂರದಿರುವುದು ಇದರಿಂದಲೇ. ಉಕ್ಕಿನದ್ದು ಅಷ್ಟು ಹಿಗ್ಗುವುದಿಲ್ಲ, ಅದರ ಟೊಳ್ಳಿಗೆ ಗಾರೆ ತುಂಬಿಯೇ ಕೂರಿಸಬೇಕು.

ಹೊಸ ಕಿಟಕಿ ಮನೆಗೆ ಬಂದು, ಅಳತೆ ಹಿಡಿದು ನೋಡುವವರೆಗೆ ಹಳೆಯದನ್ನು ಮುಟ್ಟಬೇಡಿ. ಎಷ್ಟೋ ಮನೆಗಳಲ್ಲಿ ತಾರ್ಪಾಲ್ ಕಟ್ಟಿಕೊಂಡು ಮೂರು ವಾರ ಕಾಯುವ ಪಾಡು ಬರುವುದು ಈ ಅವಸರಕ್ಕೆ. ದಿನಕ್ಕೆ ಒಂದೇ ಕಿಟಕಿ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮಳೆ ಬಿರುಗಾಳಿಯ ಜೊತೆ ಹೇಳದೆ ಕೇಳದೆ ಬರುತ್ತದೆ.

ಕೀಳುವಾಗ ಸುತ್ತಿಗೆಗೆ ಕೆಲಸ ಕಡಿಮೆ ಇರಲಿ. ಮೊದಲು ಕದ ಬಿಚ್ಚಿ, ಗ್ರೈಂಡರ್‌ನಿಂದ ಸರಳು ಕತ್ತರಿಸಿ. ಚೌಕಟ್ಟಿನ ಸುತ್ತ ಪ್ಲಾಸ್ಟರ್ ಮೇಲೆ ಗ್ರೈಂಡರ್‌ನಲ್ಲೇ ಒಂದು ಗೆರೆ ಎಳೆದರೆ ಒಡೆಯುವಾಗ ಗೋಡೆಯ ಪ್ಲಾಸ್ಟರ್ ಹಾಳೆಹಾಳೆಯಾಗಿ ಬರುವುದಿಲ್ಲ. ಕೆಳಪಟ್ಟಿಯ ನಡುವೆ ಗರಗಸದಲ್ಲಿ ಎರಡು ಓರೆ ಕೊಯ್ತ ಹಾಕಿ ನಡುವಿನ ತುಂಡು ಮೊದಲು ತೆಗೆಯಿರಿ, ಆಮೇಲೆ ಮೇಲ್ಪಟ್ಟಿ, ಕೊನೆಗೆ ನಿಲುವುಗಳು. ನಿಲುವಿನ ಹಿಂದೆ ಗೋಡೆಯೊಳಗೆ, ಚೌಕಟ್ಟನ್ನು ಹಿಡಿದಿಡುವ ಕಬ್ಬಿಣದ ಹೋಲ್ಡ್‌ಫಾಸ್ಟ್ ಪಟ್ಟಿ ಸಿಗುತ್ತದೆ. ಹಾರೆ ಹಾಕಿ ಮೀಟಿದರೆ ಇಟ್ಟಿಗೆಯ ಸಮೇತ ಕಿತ್ತುಬರುತ್ತದೆ, ಗ್ರೈಂಡರ್ ಬ್ಲೇಡ್ ಸಂದಿಗೆ ಹಾಕಿ ಅಲ್ಲೇ ಕತ್ತರಿಸಿ. ಕಿತ್ತ ಮರವನ್ನು ಎಸೆಯಬೇಡಿ. ಚೇಗು ಗಟ್ಟಿ ಇರುವ ತುಂಡುಗಳು ಮುಂದೆ ಕಸಿ ಹಾಕಲು ಬೇಕಾಗುತ್ತವೆ.

ಗೋಡೆಬಾಯಿ ಖಾಲಿಯಾದಾಗ ಕಟ್ಟೆಯನ್ನು ಸರಿಮಾಡುವ ಒಂದೇ ಅವಕಾಶ ಸಿಗುತ್ತದೆ. ಹಳೇ ಪದರ ಒಡೆದು, ಹೊರಕ್ಕೆ ಹತ್ತಕ್ಕೆ ಒಂದರಂತೆ ಇಳಿಜಾರು ಕೊಟ್ಟು ಗ್ರಾನೈಟ್ ಪಟ್ಟಿ ಹಾಸಿ. ಗೋಡೆಯಿಂದ ಹೊರಗೆ ಒಂದೂವರೆಯಿಂದ ಎರಡಿಂಚು ಚಾಚಿರಲಿ, ಚಾಚಿದ ತಳದಲ್ಲಿ ಅಂಚಿನಿಂದ ಒಂದಿಂಚು ಒಳಗೆ 10 ಮಿ.ಮೀ ಗೀರು ಇರಲಿ. ಕಲ್ಲು ಕೊಯ್ಯುವವರಿಗೆ ಅದು ಐದು ನಿಮಿಷದ ಕೆಲಸ, ಹೇಳದಿದ್ದರೆ ಮಾಡುವುದಿಲ್ಲ. ಪಟ್ಟಿಯ ತುದಿಗಳು ಎರಡೂ ಬದಿಯ ಗೋಡೆಯೊಳಗೆ ಒಂದಿಂಚು ಹೊಗಬೇಕು, ನೀರು ಇಳಿಯುವುದು ಆ ಮೂಲೆಗಳಲ್ಲೇ.

ಚೌಕಟ್ಟನ್ನು ಪ್ಲಾಸ್ಟಿಕ್ ಬೆಣೆಗಳ ಮೇಲೆ ನಿಲ್ಲಿಸಿ, ರಸಮಟ್ಟ ಮತ್ತು ತೂಗುಗುಂಡು ಎರಡನ್ನೂ ಹಿಡಿದು, ಕರ್ಣ ಸಮ ಇದೆಯೇ ನೋಡಿ ಆಮೇಲೆ ಬಿಗಿಯಿರಿ. ಬೆಣೆಗೆ ಮರದ ಚೂರು ಬೇಡ, ಗೆದ್ದಲಿಗೆ ಅದೇ ಮೆಟ್ಟಿಲಾಗುತ್ತದೆ. ಮೂಲೆಯಿಂದ ಆರರಿಂದ ಎಂಟಿಂಚು ಬಿಟ್ಟು ಮೊದಲ ಸ್ಕ್ರೂ, ಆಮೇಲೆ ಎರಡಡಿಗಿಂತ ಹೆಚ್ಚು ಅಂತರ ಬೇಡ. ನಿಮ್ಮ ಎತ್ತರಕ್ಕೆ ಬದಿಗೆ ಮೂರು ಬೇಕು. ಸ್ಕ್ರೂ ಇಟ್ಟಿಗೆಯ ನಡುವಿಗೆ ಹೋಗಬೇಕು, ಗಾರೆಯ ಸಂದಿಗಲ್ಲ. ಉಕ್ಕಿನ ಚೌಕಟ್ಟಾದರೆ ಹೋಲ್ಡ್‌ಫಾಸ್ಟ್ ಜಾಗದಲ್ಲಿ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ ಏಳು ದಿನ ನೀರು ಹಾಕಿ, ಅಲ್ಲಿವರೆಗೆ ಕದ ನೇತುಹಾಕಬೇಡಿ.

ಸಂದಿಗೆ ಫೋಮ್ ಹೊಡೆಯುವವರು ಧಾರಾಳಿಗಳು. ಅದು ಉಬ್ಬುತ್ತದೆ, ಚೌಕಟ್ಟನ್ನು ಒಳಕ್ಕೆ ತಳ್ಳುತ್ತದೆ. ಸಂದಿಯ ಅರ್ಧ ಮಾತ್ರ ತುಂಬಲಿ, ಚೌಕಟ್ಟಿನ ನಡುವೆ ಅಡ್ಡಕ್ಕೊಂದು ಪಟ್ಟಿ ಆನಿಸಿರಲಿ. ಫೋಮ್ ನೀರು ತಡೆಯುವ ವಸ್ತುವಲ್ಲ, ಬಿಸಿಲು ತಾಗಿದರೆ ಪುಡಿಯಾಗುತ್ತದೆ. ಹೊರಗಿನ ಸಂದಿಗೆ ಫೋಮ್ ಹಗ್ಗ ತುರುಕಿ ಅದರ ಮೇಲೆ ಸಿಲಿಕೋನ್. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ಸಿಮೆಂಟಿನ ಜೊತೆ ಸೇರದೆ ಕಿತ್ತುಬರುತ್ತದೆ, ಉಕ್ಕಿಗೂ ತುಕ್ಕು ಹಚ್ಚುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ತನ್ನಿ. ನಿಮ್ಮ ಕಿಟಕಿಯ ಸುತ್ತಳತೆ 17 ಅಡಿ, ಒಂದು ಟ್ಯೂಬ್ ಹೊರಗಿನ ಒಂದು ಸುತ್ತಿಗೆ ಆಗುತ್ತದೆ. ಪ್ಲಾಸ್ಟರ್ ಪೂರ್ತಿ ಒಣಗಿದ ಮೇಲೆಯೇ ಹಚ್ಚಿ. ಚೌಕಟ್ಟಿನ ಕೆಳಗೆ ನೀರು ಹೊರಹೋಗುವ ಸಣ್ಣ ಕಿಂಡಿಗಳಿರುತ್ತವೆ, ಗಾರೆಯವರು ಅಂದ ಮಾಡಲು ಹೋಗಿ ಅವನ್ನೇ ಮುಚ್ಚುತ್ತಾರೆ. ಕೆಲಸ ಶುರುವಾಗುವ ಮುಂಚೆ ಟೇಪ್ ಅಂಟಿಸಿ, ಮುಗಿದ ಮೇಲೆ ನೀವೇ ತೆಗೆದು ನೋಡಿ.

ಕೊನೆಯ ಕಂತು ಕೊಡುವ ಮುಂಚೆ ಹೊರಗಿನಿಂದ ಪೈಪ್‌ನಲ್ಲಿ ನೀರು ಬಿಡಿ. ಮೊದಲು ಕಟ್ಟೆಗೆ ಐದು ನಿಮಿಷ, ಆಮೇಲೆ ಬದಿಗಳಿಗೆ, ಕೊನೆಗೆ ಮೇಲೆ. ಕೆಳಗಿನಿಂದ ಶುರುಮಾಡಿದರೆ ಎಲ್ಲಿ ಸೋರುತ್ತಿದೆ ಅನ್ನುವುದು ಖಚಿತವಾಗಿ ಗೊತ್ತಾಗುತ್ತದೆ. ಚದರಡಿ ದರ ಮಾತಾಡುವಾಗಲೇ ಗಾಜು, ಜಾಲರಿ, ಗ್ರಿಲ್, ಕೀಳುವ ಕೂಲಿ, ಪ್ಲಾಸ್ಟರ್ ತೇಪೆ, ಕಟ್ಟೆ ಕಲ್ಲು, ಜಿಎಸ್‌ಟಿ ಇವುಗಳಲ್ಲಿ ಯಾವುದು ಸೇರಿದೆ, ಯಾವುದಿಲ್ಲ ಎಂದು ಬರೆಸಿಕೊಳ್ಳಿ. ಕಡಿಮೆ ದರ ಹೇಳಿದವರದ್ದು ಹೆಚ್ಚಾಗಿ ಗಾಜಿನ ಆಚೆ ಏನೂ ಸೇರಿರದ ದರ.

ಚಿತ್ರದುರ್ಗದ ಅಜ್ಜಿ ಮನೆಗೆ ಮೇಲಿನ ಕ್ರಮ ಹಾಗೇ ಹೊಂದುವುದಿಲ್ಲ. ಒಂದೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆಯಲ್ಲಿ ಕಿಟಕಿಯ ಮೇಲೆ ಆರ್‌ಸಿಸಿ ಲಿಂಟಲ್ (ಭಾರ ಹೊರುವ ಅಡ್ಡತೊಲೆ) ಇರುವುದಿಲ್ಲ. ಕಲ್ಲುಚಪ್ಪಡಿಯೋ ಮರದ ತೊಲೆಯೋ ಇರುತ್ತದೆ, ಕೆಲವು ಕಡೆ ಅದೂ ಇಲ್ಲದೆ ಚೌಕಟ್ಟೇ ಭಾರ ಹೊತ್ತಿರುತ್ತದೆ. ಮೇಲಿನ ಪ್ಲಾಸ್ಟರ್ ಅಷ್ಟಗಲ ತೆಗೆದು ಇದನ್ನು ನೋಡದೆ ಚೌಕಟ್ಟಿಗೆ ಕೈ ಹಾಕಬಾರದು. ಚಪ್ಪಡಿ ಎರಡೂ ಬದಿ ಗೋಡೆಯ ಮೇಲೆ ಕನಿಷ್ಠ ಅರ್ಧ ಅಡಿ ಕೂತಿದ್ದರೆ ನಿರ್ಭಯ. ನಡುವೆ ಸೀಳಿದ್ದರೆ ಅಥವಾ ಚೌಕಟ್ಟಿನ ಮೇಲ್ಪಟ್ಟಿ ಬಾಗಿದ್ದರೆ ಎರಡೂ ಬದಿಯಿಂದ ಕಂಬ ಕೊಟ್ಟು, ಹೊಸ ಚಪ್ಪಡಿ ಕೂರಿಸಿಯೇ ಮುಂದಿನ ಕೆಲಸ. ಆ ಗೋಡೆಯಲ್ಲಿ ಡ್ರಿಲ್ ಸ್ಕ್ರೂ ಹಿಡಿಯುವುದಿಲ್ಲ. ಕಲ್ಲಿಗೆ ಹಾಕಿದರೆ ಕಲ್ಲೇ ಮಣ್ಣಿನಲ್ಲಿ ಅಲ್ಲಾಡುತ್ತದೆ. ಹೋಲ್ಡ್‌ಫಾಸ್ಟ್ ಇಟ್ಟು ಸುತ್ತ ಒಂದಡಿ ಉದ್ದದ ಕಾಂಕ್ರೀಟ್ ಗುಂಡು ಹಾಕಬೇಕು. ಚೌಕಟ್ಟಿನ ಸುತ್ತಲಿನ ತೇಪೆ ಮಾತ್ರ ಸಿಮೆಂಟ್ ಬೇಡ, ಸುಣ್ಣದ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಮಣ್ಣಿನ ಗೋಡೆ ತೇವವನ್ನು ಒಳಗೆ ಹೊರಗೆ ಬಿಡುತ್ತಿರುತ್ತದೆ. ಸಿಮೆಂಟ್ ತೇಪೆ ಅದನ್ನು ತಡೆದು, ತೇವ ಮರದ ಕಡೆಗೆ ತಿರುಗುತ್ತದೆ, ಎರಡು ಮಳೆಗಾಲಕ್ಕೆ ತೇಪೆ ಹಪ್ಪಳದಂತೆ ಎದ್ದುಬರುತ್ತದೆ. ಅಲ್ಲಿಯ ಚೌಕಟ್ಟುಗಳ ಮೇಲೂ ಮೊದಲು ಸ್ಕ್ರೂಡ್ರೈವರ್ ಆಡಿಸಿ ನೋಡಿ. ಅಷ್ಟು ದಪ್ಪ ಗೋಡೆಯ ಆಳದಲ್ಲಿ ಕೂತ ಚೌಕಟ್ಟಿಗೆ ಮಳೆ ತಾಗುವುದು ಕಡಿಮೆ. ಹೊರಗಿನ ಕದ ಹಾಳಾಗಿದ್ದರೂ ಚೌಕಟ್ಟು ಗಟ್ಟಿಯೇ ಇದ್ದರೆ ಕದ ಮಾತ್ರ ಹೊಸದು ಮಾಡಿಸಿ.